ಆಶ್ವಿಟ್ಸ್, ಮೈದಾನೆಕ್, ದಾಖಾವ್: ಒಂದೇ ಕಡೆ ಹೋಗೋಕಾಗೋದಾದ್ರೆ ಎಲ್ಲಿಗೆ?

ಜರ್ಮನಿ, ಪೋಲೆಂಡ್ ಕಡೆ ಟ್ರಿಪ್ ಹೊರಟಿರೋ ನಮ್ಮೋರು ಕೇಳೋದು ಹೆಚ್ಚುಕಮ್ಮಿ ಇದೇ: ನಾಜಿಗಳು ಜನರನ್ನ ಕೂಡಿಹಾಕಿ ಸಾಯಿಸಿದ ಕ್ಯಾಂಪ್ ಒಂದನ್ನ ನೋಡ್ಬೇಕು, ಕೈಲಿರೋದು ಒಂದು ದಿನ, ಯಾವ್ದಕ್ಕೆ ಹೋಗೋದು? ಮ್ಯೂನಿಕ್‌ನಲ್ಲಿ ಕೆಲ್ಸ ಮಾಡೋರು ಹತ್ರ ಅಂತ ದಾಖಾವ್‌ಗೆ ಹೋಗ್ತಾರೆ, ಮಿಕ್ಕೋರು ಹೆಸರು ಕೇಳಿರ್ತಾರಲ್ಲ, ಪೋಲೆಂಡ್‌ನ ಆಶ್ವಿಟ್ಸ್‌ಗೆ. ನಾನು ಈ ಎರಡನ್ನೂ ನೋಡಿದೀನಿ, ಪೋಲೆಂಡ್‌ನದೇ ಇನ್ನೊಂದು ಊರು ಲುಬ್ಲಿನ್‌ನ ಮೈದಾನೆಕ್ಕನ್ನೂ ನೋಡಿದೀನಿ. ಒಂದನ್ನ ನೋಡಿದ್ರೆ ಇನ್ನೊಂದು ನೋಡಿದ ಲೆಕ್ಕ ಅಲ್ಲವೇ ಅಲ್ಲ.

ದಾಖಾವ್‌ಗೆ ಹೋಗೋದು ತುಂಬಾ ಸುಲಭ. ಮ್ಯೂನಿಕ್ ಮೇನ್ ಸ್ಟೇಷನ್‌ನಿಂದ ಎಸ್-2 ಟ್ರೇನು, ಇಳಿದು 726 ನಂಬರ್ ಬಸ್ಸು, ಎಂಟ್ರಿ ಫ್ರೀ. ಹಿಟ್ಲರ್ ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರ್ಲಿಲ್ಲ, 1933ರ ಮಾರ್ಚ್ 22ಕ್ಕೇ ಇದನ್ನ ಶುರು ಮಾಡಿದ್ರು, ಮೊದಲು ಹಾಕಿದ್ದು ಕಮ್ಯುನಿಸ್ಟ್, ಸೋಶಿಯಲಿಸ್ಟ್ ಅಂತ ತಮ್ಮ ರಾಜಕೀಯ ವಿರೋಧಿಗಳನ್ನ, ಆಮೇಲೆ ಯಹೂದಿಗಳು, ರೋಮಾ (ಜಿಪ್ಸಿ) ಜನ, ಪಾದ್ರಿಗಳು, ಹೀಗೆ 2 ಲಕ್ಷಕ್ಕೂ ಹೆಚ್ಚು ಜನ. ಅವರಲ್ಲಿ ಕಡಿಮೆ ಅಂದ್ರೂ 41,500 ಮಂದಿ ಸತ್ರು. ಒಂದು ಸರ್ಕಾರ ಹೆಜ್ಜೆ ಹೆಜ್ಜೆಯಾಗಿ ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಅಲ್ಲಿನ ಮ್ಯೂಸಿಯಂ ಬಹಳ ಚೆನ್ನಾಗಿ ತಿಳಿಸುತ್ತೆ. ಆದ್ರೆ ರೈಲುಗಟ್ಟಲೆ ಕುಟುಂಬಗಳನ್ನ ತಂದು ಇಳಿಸಿದ ತಕ್ಷಣ ವಿಷದ ಗ್ಯಾಸ್ ಬಿಟ್ಟು ಸಾಯಿಸಿದ ಜಾಗ ಅದಲ್ಲ, ಅದು ನಡೆದಿದ್ದು ಪೋಲೆಂಡ್ ನೆಲದಲ್ಲಿ. ಕೈದಿಗಳಿದ್ದ ಬ್ಯಾರಕ್‌ಗಳಲ್ಲಿ ಈಗಿರೋ ಎರಡೂ ಮತ್ತೆ ಕಟ್ಟಿದ್ದು, ಉಳಿದವು ನೆಲದ ಮೇಲೆ ಬರೀ ಪಾಯದ ಗುರುತು.

ಆಶ್ವಿಟ್ಸ್ ಬೇರೆಯದೇ ಮಾತು. ಸುಮಾರು 13 ಲಕ್ಷ ಜನರನ್ನ ಅಲ್ಲಿಗೆ ತಂದು 11 ಲಕ್ಷ ಜನರನ್ನ ಸಾಯಿಸಿದ್ರು, ಅದ್ರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಈ ಸಂಖ್ಯೆನ ಎಷ್ಟು ಸಲ ಓದಿದ್ರೂ ತಲೆಗೆ ಹೋಗಲ್ಲ, ಬ್ಲಾಕ್ 5 ಅನ್ನೋ ಕಟ್ಟಡದಲ್ಲಿ ಗಾಜಿನ ಹಿಂದೆ ರಾಶಿ ಹಾಕಿರೋ ಸೂಟ್‌ಕೇಸ್‌ಗಳ ಮುಂದೆ ನಿಂತಾಗ ಹೋಗುತ್ತೆ. ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಹೆಸರು, ಊರು, ಹುಟ್ಟಿದ ತಾರೀಖು ಬರೆದಿದಾರೆ, ಯಾಕಂದ್ರೆ ಲಗೇಜು ತಪ್ಪಿಹೋಗಬಾರ್ದು, ವಾಪಸ್ ಸಿಗುತ್ತೆ ಅಂತ ನಂಬಿದ್ರು. ಕೆಲವು ಚಿಕ್ಕ ಮಕ್ಕಳದ್ದು. ಅಲ್ಲಿ ನನಗೆ ನಿಲ್ಲೋಕೆ ಸಿಕ್ಕಿದ್ದು ಅರೆಕ್ಷಣ ಅಷ್ಟೆ, ಕಿವಿಯಲ್ಲಿ ಗೈಡ್ ದನಿ ಮುಂದೆ ಬನ್ನಿ ಅಂತಿದೆ, ಹಿಂದೆ ಇನ್ನೊಂದು ಗ್ರೂಪ್ ಬಂದು ನಿಂತಾಗಿದೆ, ಕಾರಿಡಾರ್ ಪೂರ್ತಿ ಜನ. ಗೈಡ್‌ಗಳು ಶ್ರದ್ಧೆಯಿಂದ ಹೇಳ್ತಾರೆ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಆ ನೂಕುನುಗ್ಗಲಲ್ಲಿ ದುಃಖ ಪಡೋಕೂ ಪುರುಸೊತ್ತಿಲ್ಲ.

ಅದಕ್ಕೇ ಬಿರ್ಕೆನಾವ್‌ಗೆ ಟೈಮ್ ಉಳಿಸ್ಕೊಳ್ಳಿ. ಅದು ಮೂರು ಕಿಲೋಮೀಟರ್ ಚಿಲ್ಲರೆ ಆಚೆ ಇರೋ ಆಶ್ವಿಟ್ಸ್‌ನದೇ ಎರಡನೇ ಕ್ಯಾಂಪ್, ಫ್ರೀ ಬಸ್ ಇದೆ. ಪ್ಯಾಕೇಜ್‌ನೋರು ಗೇಟು, ರೈಲು ಹಳಿ, ಜನರನ್ನ ಇಳಿಸ್ತಿದ್ದ ರ‍್ಯಾಂಪು, ಎಸ್‌ಎಸ್‌ನೋರು (ಕ್ಯಾಂಪ್ ನಡೆಸ್ತಿದ್ದ ನಾಜಿ ಪಡೆ) ಓಡಿಹೋಗೋ ಮುಂಚೆ ಸಿಡಿಸಿದ ಗ್ಯಾಸ್ ಚೇಂಬರ್‌ಗಳ ಅವಶೇಷ, ಇಷ್ಟು ತೋರಿಸಿ ಬಸ್ ಹತ್ತಿಸ್ತಾರೆ. ಹಿಂದಕ್ಕೆ ನಡೀತಾ ಹೋದ್ರೆ ಹೊಸ ಕೈದಿಗಳಿಗೆ ಸ್ನಾನ ಮಾಡಿಸ್ತಿದ್ದ ಸೌನಾ ಅನ್ನೋ ಕಟ್ಟಡ ಇದೆ, ಜನ ಜೊತೆಗೆ ತಂದಿದ್ದ ಫ್ಯಾಮಿಲಿ ಫೋಟೋಗಳನ್ನ ಗೋಡೆ ತುಂಬಾ ಹಾಕಿದಾರೆ, ಮದುವೆ, ಪಿಕ್‌ನಿಕ್, ಮಗು ಎತ್ಕೊಂಡಿರೋ ಅಜ್ಜಿ. ಅಲ್ಲಿಗೆ ಬರೋರು ಕಡಿಮೆ. ಹತ್ತಿರದ ದೊಡ್ಡ ಊರು ಕ್ರಾಕೋವ್‌ನಲ್ಲಿ ಅದೇ ದಿನ ಉಪ್ಪಿನ ಗಣಿನೂ ಸೇರಿಸಿ ಟೂರ್ ಮಾರ್ತಾರೆ, ದಯವಿಟ್ಟು ಅದು ಬೇಡ. ಆಶ್ವಿಟ್ಸ್ ಎಂಟ್ರಿಗೆ ದುಡ್ಡಿಲ್ಲ ಆದ್ರೆ ಟೈಮ್ ಸ್ಲಾಟ್ ಮುಂಚೇನೇ ಮ್ಯೂಸಿಯಂನ ಸೈಟಲ್ಲೇ ಬುಕ್ ಮಾಡ್ಬೇಕು, ಗೈಡ್ ಬೇಕಂದ್ರೆ ಅದಕ್ಕೆ ಬೇರೆ ಕೊಡ್ಬೇಕು, ಪಾಸ್‌ಪೋರ್ಟ್ ಇಟ್ಕೊಳ್ಳಿ, ದೊಡ್ಡ ಬ್ಯಾಗ್ ಒಳಗೆ ಬಿಡಲ್ಲ.

ಇನ್ನು ಮೈದಾನೆಕ್. ವಾರ್ಸಾದಿಂದ ಲುಬ್ಲಿನ್‌ಗೆ ಟ್ರೇನು, ಅಲ್ಲಿಂದ ಸಿಟಿ ಬಸ್, ಯಾಕಂದ್ರೆ ಕ್ಯಾಂಪ್ ಇರೋದು ಊರಂಚಲ್ಲೇ. ಬೇಲಿ ಪಕ್ಕ ರಸ್ತೆ, ಆಚೆ ಜನ ವಾಸ ಇರೋ ಅಪಾರ್ಟ್‌ಮೆಂಟ್‌ಗಳು. 1944ರ ಜುಲೈನಲ್ಲಿ ಸೋವಿಯತ್ ಸೇನೆ ಎಷ್ಟು ಬೇಗ ಬಂತಂದ್ರೆ ಗ್ಯಾಸ್ ಚೇಂಬರ್‌ಗಳನ್ನ ನಾಶ ಮಾಡೋಕೆ ನಾಜಿಗಳಿಗೆ ಟೈಮೇ ಸಿಗ್ಲಿಲ್ಲ, ಹಂಗಾಗಿ ಇವತ್ತಿಗೂ ನಿಂತಿವೆ. ಸಿಮೆಂಟಿನ ಕೋಣೆ, ತಗ್ಗು ಚಾವಣಿ, ಗೋಡೆ ಮೇಲೆ ನೀಲಿ ಕಲೆಗಳು, ಹತ್ರ ಹೋಗಿ ನೋಡಿದ್ರೆ ಸುಣ್ಣದೊಳಗೇ ಇಳಿದಿದೆ ಆ ನೀಲಿ, ಚೇಂಬರಲ್ಲಿ ಬಿಡ್ತಿದ್ದ ಜೈಕ್ಲಾನ್-ಬಿ ವಿಷದ ಗುರುತು. ನಾನು ನಿಂತಾಗ ಆ ಕೋಣೆಯಲ್ಲಿ ಬೇರೆ ಯಾರೂ ಇರ್ಲಿಲ್ಲ, ಯಾರೂ ಮುಂದೆ ಬನ್ನಿ ಅನ್ನಲಿಲ್ಲ, ಎಷ್ಟು ಹೊತ್ತಾದ್ರೂ ಕಾಲು ಕೀಳೋಕೆ ಆಗ್ಲಿಲ್ಲ. ಇಲ್ಲಿ ಸತ್ತೋರು ಸುಮಾರು 78,000, ಅದ್ರಲ್ಲಿ 59,000 ಯಹೂದಿಗಳು. 1943ರ ನವೆಂಬರ್ 3ರಂದು ಒಂದೇ ದಿನ 18,000 ಯಹೂದಿಗಳನ್ನ ಗುಂಡಿ ತೋಡಿಸಿ ಗುಂಡಿಕ್ಕಿದ್ರು, ಸದ್ದು ಕೇಳಬಾರ್ದು ಅಂತ ಲೌಡ್‌ಸ್ಪೀಕರಲ್ಲಿ ಸಂಗೀತ ಹಾಕಿ. ಕೊನೆಯಲ್ಲಿ ದೊಡ್ಡ ಗುಮ್ಮಟದ ಕೆಳಗೆ ಗುಡ್ಡೆ ಬೂದಿ ಇದೆ, ಅದು ಇಲ್ಲಿ ಸತ್ತೋರ ಬೂದಿ. ಒಂದೇ ಕೊರತೆ ಅಂದ್ರೆ ಮುಂಚೆ ಸ್ವಲ್ಪ ಓದ್ಕೊಂಡು ಹೋಗದಿದ್ರೆ ಎಷ್ಟೋ ಜಾಗ ಬರೀ ಹುಲ್ಲು ಮೈದಾನದ ಹಂಗೆ ಕಾಣುತ್ತೆ.

ಹಂಗಾಗಿ ಏನೂ ಓದಿಲ್ಲ, ಇದೇ ಮೊದಲು ಅನ್ನೋರು ಆಶ್ವಿಟ್ಸ್‌ಗೇ ಹೋಗಿ, ಆದ್ರೆ ಪೂರ್ತಿ ದಿನ ಕೊಡಿ, ಬೆಳಗ್ಗಿನ ಮೊದಲ ಸ್ಲಾಟ್ ಹಿಡೀರಿ, ಅದಕ್ಕೆ ಹಿಂದಿನ ರಾತ್ರಿ ಕ್ಯಾಂಪ್ ಇರೋ ಊರಲ್ಲೇ ಉಳ್ಕೊಳ್ಳಿ. ಚರಿತ್ರೆ ಗೊತ್ತು, ಸುಮ್ನೆ ನಿಂತು ನೋಡ್ಬೇಕು ಅನ್ನೋರಿಗೆ ನನ್ನ ಓಟು ಮೈದಾನೆಕ್‌ಗೆ, ಕಣ್ಣುಮುಚ್ಚಿ ಹೇಳ್ತೀನಿ. ಮ್ಯೂನಿಕ್‌ನಲ್ಲಿರೋರು ದಾಖಾವ್ ಖಂಡಿತ ನೋಡಿ, ಇದೆಲ್ಲ ಶುರುವಾಗಿದ್ದು ಹೆಂಗೆ ಅಂತ ತಿಳ್ಕೊಳ್ಳೋಕೆ.

ಎಲ್ಲಿಗೆ ಹೋದ್ರೂ ಸ್ವಸ್ತಿಕದ ಪೆಂಡೆಂಟೋ ಉಂಗುರಾನೋ ಹಾಕಿದ್ರೆ ರೂಮಲ್ಲೇ ಬಿಟ್ಟು ಹೋಗಿ, ನಮಗದು ಬಾಗಿಲಿಗೆ ಬರೆಯೋ ಶುಭ ಚಿಹ್ನೆ ಇರ್ಬಹುದು, ಆದ್ರೆ ಅಲ್ಲಿಗೆ ಸತ್ತೋರ ಮೊಮ್ಮಕ್ಕಳು ಬರ್ತಾರೆ. ರೈಲು ಹಳಿ ಮೇಲೆ ನಿಂತು ಸೆಲ್ಫಿ ಬೇಡ. 14 ವರ್ಷಕ್ಕಿಂತ ಚಿಕ್ಕ ಮಕ್ಕಳನ್ನ ಕರ್ಕೊಂಡು ಬರಬೇಡಿ ಅಂತ ಆಶ್ವಿಟ್ಸ್ ಮ್ಯೂಸಿಯಂನೋರೇ ಹೇಳ್ತಾರೆ, ನಾನಾದ್ರೆ ಮೈದಾನೆಕ್‌ಗೂ ಅದನ್ನೇ ಹೇಳ್ತೀನಿ, ಮನೆಯೋರಲ್ಲಿ ಒಬ್ರು ಮಕ್ಕಳ ಜೊತೆ ಊರಲ್ಲಿ ಉಳ್ಕೊಂಡು ಇನ್ನೊಬ್ರು ಹೋಗಿ ಬರಲಿ, ಮಾರನೇ ದಿನ ಅದಲುಬದಲು ಮಾಡ್ಕೊಳ್ಳಿ.