ಬೆಟ್ಟಿಂಗ್ ಸಾಲ ತೀರಿಸಲು ಹೊರಟವರು ಒಮ್ಮೆ ಓದಿ

ಮನೆಯಲ್ಲಿ ಯಾರಿಗಾದರೂ ಬೆಟ್ಟಿಂಗ್ ಚಟ ಹತ್ತಿದ್ದು ಗೊತ್ತಾದರೆ ಮೊದಲು ಸಾಲ ತೀರಿಸಲು ಓಡಬೇಡಿ. ನಮ್ಮ ಅಕ್ಕನ ಮನೆಯಲ್ಲಿ ಕಥೆ ಕೆಟ್ಟಿದ್ದೇ ಅಲ್ಲಿ.

ಭಾವನಿಗೆ ಕುಡಿತ ಇಲ್ಲ, ಸಿಗರೇಟೂ ಇಲ್ಲ. ಐಪಿಎಲ್ ಬಂತೆಂದರೆ ಮೊಬೈಲ್ ಹಿಡಿದು ಟೆರೇಸ್ ಹತ್ತುತ್ತಿದ್ದರು, ಅಷ್ಟೇ. ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಅಪ್ಪ ಮರ್ಯಾದೆಗೆ ಅಂಜಿ ಸೊಸೈಟಿಯಲ್ಲಿ ಸಾಲ ಎತ್ತಿ ಎಲ್ಲರಿಗೂ ಕೊಟ್ಟರು. ಭಾವ ದೇವರ ಮುಂದೆ ಆಣೆ ಮಾಡಿದರು. ಮುಂದಿನ ಸೀಸನ್‌ಗೆ ಮತ್ತೆ ಶುರು. ಈ ಸಲ ಕೈಸಾಲ ಇನ್ನೂ ಸಲೀಸಾಗಿ ಹುಟ್ಟಿತು. ಮಾವ ಕಟ್ಟುತ್ತಾರೆ ಅಂತ ಊರಿಗೇ ಗೊತ್ತಾಗಿತ್ತು, ಅಲ್ವಾ?

ಭಾವನ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದೆ. ರಾತ್ರಿ ಹನ್ನೊಂದರ ಮೇಲೆ 500, 1000, ಆಮೇಲೆ ಒಂದೇ ಸಲ 5000. ಪ್ರತಿ ಸಲವೂ ಬೇರೆ ಹೆಸರು, ಗುರುತೇ ಇಲ್ಲದವರ ಖಾತೆ. 'ಐಡಿ', ಅಂದರೆ ಬೆಟ್ಟಿಂಗ್ ಸೈಟಿನ ಲಾಗಿನ್, ಕೊಡುವ ಬುಕ್ಕಿ ತನ್ನ ಹೆಸರಲ್ಲಿ ದುಡ್ಡು ಮುಟ್ಟುವುದಿಲ್ಲ. ಗೆದ್ದದ್ದೂ ಅಂಥದೇ ಖಾತೆಗಳಿಂದ ಬರುತ್ತದೆ. ಹಾಗೆ ಗೆದ್ದ ದುಡ್ಡನ್ನು ಭಾವ ಒಮ್ಮೆ ಅಕ್ಕನ ಸಂಬಳದ ಖಾತೆಗೆ ಹಾಕಿಸಿದರು. ಅದು ಯಾರನ್ನೋ ಆನ್‌ಲೈನಲ್ಲಿ ವಂಚಿಸಿ ದೋಚಿದ ದುಡ್ಡಂತೆ. ಬೇರೆ ರಾಜ್ಯದ ಪೊಲೀಸರಿಂದ ಪತ್ರ ಬಂತು, ಖಾತೆ ಫ್ರೀಜ್. ಮಗನ ಸ್ಕೂಲ್ ಫೀಸಿಗೆ ಅಕ್ಕ ನನ್ನ ಹತ್ತಿರ ಕೈಚಾಚಬೇಕಾಯಿತು. ಆಡದವಳಿಗೆ ಶಿಕ್ಷೆ!

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳೆಲ್ಲ ನಿಷೇಧವಾದವು. ರಮ್ಮಿ ಆಪ್‌ಗಳು ಬಾಗಿಲು ಹಾಕಿದವು. ವಾಟ್ಸಾಪ್, ಟೆಲಿಗ್ರಾಂನ ಐಡಿ ದಂಧೆ ಮಾತ್ರ ನಡೆದೇ ಇದೆ. ಆ ಕಾನೂನಿನಲ್ಲಿ ಆಡಿಸುವವರಿಗೆ ಶಿಕ್ಷೆ, ಆಡಿದವರಿಗಲ್ಲ. ಹಾಗಾಗಿ ಕೇಸ್ ಆಗುತ್ತೆ ಅಂತ ಹೆದರಿ ಮುಚ್ಚಿಡಬೇಡಿ.

ಹೆಂಗಸರೇ, ನಿಮ್ಮ ಹೆಸರಲ್ಲಿರುವ ಸಾಲಗಳ ಲೆಕ್ಕ ತೋರಿಸುವ ಸಿಬಿಲ್ ರಿಪೋರ್ಟ್ ತೆಗೆದು ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ. ಅಕ್ಕನ ಪ್ಯಾನ್ ನಂಬರ್, ಓಟಿಪಿ ಬಳಸಿ ಲೋನ್ ಆಪ್‌ನಲ್ಲಿ ಎತ್ತಿದ ಸಾಲ ಕಣ್ಣಿಗೆ ಬಿದ್ದದ್ದು ಅಲ್ಲೇ. ಬೀರುವಿನ ಒಡವೆಯನ್ನೂ ಒಮ್ಮೆ ತೂಗಿಸಿ ನೋಡಿ. ನಾಚಿಕೆ ಪಡಬೇಡಿ. ಅಕ್ಕನ ಬಳೆಗಳು ಯಾವಾಗ ರೋಲ್ಡ್ ಗೋಲ್ಡ್ ಆದವು ಅಂತ ಅವಳಿಗೇ ಗೊತ್ತಿರಲಿಲ್ಲ. ಸಹಿ ಹಾಕಿದ ಖಾಲಿ ಚೆಕ್ ಕೊಡಬೇಡಿ. ಜಾಮೀನಿಗೆ ಸಹಿ ಕೇಳಿದರೆ ಖಡಾಖಂಡಿತ ಬೇಡ ಅನ್ನಿ. ಅವರು ಕಟ್ಟದಿದ್ದರೆ ಪೂರ್ತಿ ಸಾಲ ನಿಮ್ಮ ತಲೆಗೇ.

ಇದು ಬುದ್ಧಿ ಹೇಳಿ ಬಿಡಿಸುವ ಚಟ ಅಲ್ಲ, ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಚಟ ಹತ್ತಿದವರು ಬರಲ್ಲ ಅಂದರೂ ನೀವೇ ಫೋನ್ ಮಾಡಿ.