ಪ್ರಬಂಧ ಕಲಿಸಲು ಗೂಗಲ್ ಡಾಕ್ಸ್: 3 ವರ್ಷಗಳ ಬಳಕೆಯ ನಂತರ

ಒಂಬತ್ತನೇ ತರಗತಿಗೆ ಕನ್ನಡ ಪ್ರಬಂಧ ಕಲಿಸಲು ನಾನು 3 ವರ್ಷಗಳಿಂದ ಅಂತರ್ಜಾಲದಲ್ಲೇ ಬರೆದು ಉಳಿಸುವ ಗೂಗಲ್ ಡಾಕ್ಸ್ ಬಳಸುತ್ತಿದ್ದೇನೆ. ಹಣ ಕೊಡಬೇಕಿಲ್ಲ ಎಂಬ ಕಾರಣಕ್ಕೆ ಆರಿಸಿಕೊಂಡಿದ್ದೆ; ನಮ್ಮ ಶಾಲೆಯಲ್ಲಿ ಮಕ್ಕಳು 40, ಕಂಪ್ಯೂಟರುಗಳು 8. ಈಗ ಇದನ್ನು ಬಿಡಲು ಮನಸ್ಸಾಗದಿರುವುದಕ್ಕೆ ಕಾರಣ ಬೇರೆಯೇ ಇದೆ, ಅದು ಇದರೊಳಗಿನ ಆವೃತ್ತಿ ಇತಿಹಾಸ, ಅಂದರೆ ಬರೆದದ್ದು ಹಂತಹಂತವಾಗಿ ಬದಲಾದ ದಾಖಲೆ.

ನೋಟುಪುಸ್ತಕ ತಿದ್ದುವಾಗ ನನ್ನ ಕೈಗೆ ಬರುತ್ತಿದ್ದುದು ಬರೆದು ಮುಗಿಸಿದ ಪ್ರತಿ ಮಾತ್ರ. ಈಗ ಶನಿವಾರ ಬೆಳಗಿನ ಶಾಲೆ ಮುಗಿದು ಮಕ್ಕಳೆಲ್ಲ ಹೊರಟ ಮೇಲೆ, ಶಿಕ್ಷಕರ ಕೊಠಡಿಯ ಕಿಟಕಿಯ ಪಕ್ಕ ಕುಳಿತು, ಪ್ರತಿ ಮಗುವಿನ ಕಡತವನ್ನೂ ಮೊದಲ ಆವೃತ್ತಿಯಿಂದ ಕೊನೆಯದರವರೆಗೆ ಒಂದೊಂದಾಗಿ ತೆರೆಯುತ್ತೇನೆ. ಸೇರಿಸಿದ ಪದಗಳು ಬಣ್ಣದಲ್ಲಿ, ಅಳಿಸಿದವು ನಡುಗೆರೆಯೊಡನೆ ಕಾಣುತ್ತವೆ. ಹುಡುಗಿಯೊಬ್ಬಳು ‘ನಮ್ಮ ಅಜ್ಜಿ ಬಹಳ ಒಳ್ಳೆಯವರು’ ಎಂದು ಆರಂಭಿಸಿ, ಎರಡು ದಿನ ಬಿಟ್ಟು ಅದನ್ನು ಅಳಿಸಿ, ‘ಸಂತೆಗೆ ಹೊರಟಾಗ ಅಜ್ಜಿ ಚಿಲ್ಲರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು’ ಎಂದು ಬರೆದಿದ್ದಳು. ಅಳಿಸಿದ ವಾಕ್ಯಕ್ಕಾಗಿ ನಾನು ಅಂಕ ಕೊಟ್ಟದ್ದು ಅದೇ ಮೊದಲು.

ಬೇಸರವಾದದ್ದು ಮಕ್ಕಳು ಮನೆಯಲ್ಲಿ ಹೆತ್ತವರ ಮೊಬೈಲಿನಿಂದ ಬರೆಯತೊಡಗಿದಾಗ. ಅವರೆಲ್ಲ ಬಳಸುವ ಕೀಲಿಮಣೆ ಆ್ಯಪ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಮೇಲಿನ ಸಾಲಿನಲ್ಲಿ ಪದಗಳು ಮೂಡುತ್ತವೆ, ಮಗು ಮೊದಲನೆಯದನ್ನು ಮುಟ್ಟಿ ಮುಂದೆ ಹೋಗುತ್ತದೆ. ‘ಗದ್ದೆಯಲ್ಲಿ ಕಲೆ ಕಿತ್ತೆವು’ ಎಂಬ ವಾಕ್ಯ ಒಂದೇ ವಾರದಲ್ಲಿ ನಾಲ್ಕು ಪ್ರಬಂಧಗಳಲ್ಲಿ ಸಿಕ್ಕಿತು. ನಾಲ್ವರೂ ಗದ್ದೆಗೆ ಇಳಿದು ಕಳೆ ಕಿತ್ತ ಮಕ್ಕಳೇ, ಮಾತಿನಲ್ಲಿ ಲಕಾರ ಳಕಾರ ತಪ್ಪದವರು. ಕಲಿಯುವ ಮಕ್ಕಳ ಕೈಗೆ ಇಂಥ ಕೀಲಿಮಣೆಯನ್ನು ಕೊಡಬಾರದೆಂದೇ ನನ್ನ ಅಭಿಪ್ರಾಯ.

ಹಾಗಾಗಿ ಶಾಲೆಯಲ್ಲಿ ಕನ್ನಡ ಗಣಕ ತಂತ್ರಜ್ಞ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯನ್ನೇ ಕಲಿಸಲಾರಂಭಿಸಿದೆ. ಅದರಲ್ಲಿ ಲಕಾರಕ್ಕೆ ಎಲ್ ಕೀಲಿಯಾದರೆ ಳಕಾರಕ್ಕೆ ಶಿಫ್ಟ್ ಜೊತೆಗೆ ಎಲ್. ಮಹಾಪ್ರಾಣಗಳಿಗೂ ಶಿಫ್ಟ್ ಬೇಕು, ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ‘ಸ್ತ್ರೀ’ ಎಂದು ಬರೆಯುವ ಮಗು ಸಕಾರ, ಎಫ್, ತಕಾರ, ಎಫ್, ರಕಾರ, ದೀರ್ಘ ಈಕಾರ ಎಂದು ಅಕ್ಷರವನ್ನು ಬಿಡಿಸಿ ಕೂಡಿಸಲೇಬೇಕು. ಕಾಗುಣಿತ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಒಂದು ಕಂಪ್ಯೂಟರಿಗೆ ಐವರಿರುವಾಗ ಇದು ನಿಧಾನದ ಕೆಲಸ. ಈ ವರ್ಷ ಮನೆಯಲ್ಲಿ ಕಾಗದದ ಮೇಲೆ ಬರೆದು ತಂದು ಶಾಲೆಯಲ್ಲಿ ಕೀಲಿಸುವಂತೆ ಹೇಳಿದ್ದೇನೆ. ಅಳಿಸಿ ತಿದ್ದುವುದರಲ್ಲಿ ಅರ್ಧ ಭಾಗ ಕಾಗದದಲ್ಲೇ ಉಳಿದುಹೋಗುತ್ತದೆ. ಆದ್ದರಿಂದ ಆ ಹಾಳೆಗಳನ್ನೂ ಶನಿವಾರಕ್ಕೆ ತರಿಸಿಕೊಳ್ಳುತ್ತಿದ್ದೇನೆ.