ಬಿಡದ ಕಫಕ್ಕೆ ಯಾವುದು ಮೊದಲು: ಶಿಲೀಂಧ್ರನಾಶಕವೋ, ಉಪ್ಪುನೀರೋ?

ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಗೋಡೆ, ಚಪ್ಪಲಿ, ಬೆಲ್ಟುಗಳಿಗೆಲ್ಲ ಬೂಷ್ಟು ಹಿಡಿಯುವುದರಿಂದ, ತಿಂಗಳುಗಟ್ಟಲೆ ಕಟ್ಟಿದ ಮೂಗಿಗೂ ಗಂಟಲಿಗಿಳಿಯುವ ಕಫಕ್ಕೂ ಶಿಲೀಂಧ್ರವೇ ಕಾರಣವೆಂದು ಶಂಕಿಸುವುದು ಸಹಜ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರಿಗೆ ದೀರ್ಘಕಾಲದ ಸೈನಸ್ ರೋಗಿಗಳಲ್ಲಿ ಬಹುತೇಕ ಎಲ್ಲರ ಕಫದಲ್ಲೂ ಶಿಲೀಂಧ್ರ ಕಂಡಿತ್ತು. ಆದರೆ ಆರೋಗ್ಯವಂತರ ಮೂಗಿನಲ್ಲೂ ಅದು ಸಿಕ್ಕಿತಲ್ಲದೆ, ಆಂಫೊಟೆರಿಸಿನ್ ಎಂಬ ಶಿಲೀಂಧ್ರನಾಶಕದ ದ್ರಾವಣದಿಂದ ಮೂಗು ತೊಳೆಸಿದ ಮುಂದಿನ ಪ್ರಯೋಗಗಳಲ್ಲಿ ಒಟ್ಟಾರೆ ಲಾಭ ಕಂಡುಬರಲಿಲ್ಲ.

ಹೀಗಾಗಿ ಸಾಮಾನ್ಯ ರೋಗಿಗೆ, ಯಕೃತ್ತಿಗೆ ತೊಂದರೆ ಕೊಡಬಲ್ಲ ಶಿಲೀಂಧ್ರನಾಶಕ ಮಾತ್ರೆಗಿಂತ, ಉಪ್ಪುನೀರಿನಿಂದ ಮೂಗು ತೊಳೆಯುವುದು ಮತ್ತು ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ಕೆಲವು ವಾರ ತಪ್ಪದೆ ಬಳಸುವುದೇ ಮೇಲೆಂದು ನನ್ನ ಅಭಿಪ್ರಾಯ. (ತೋಟದ ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸಿ ಆರಿಸದೆ ಮೂಗಿಗೆ ಬಿಡಬಾರದು.) ಮೂಗು ಸರಿಯಿದ್ದು ಗಂಟಲಲ್ಲಿ ಮಾತ್ರ ಕಫವಿದ್ದರೆ ಹೊಟ್ಟೆಯ ಆಮ್ಲ ಮೇಲೇರುತ್ತಿದೆಯೇ ಎಂದೂ ನೋಡಬೇಕು.

ತೊಂದರೆ ಒಂದೇ ಬದಿಯಲ್ಲಿದ್ದರೆ ಲೆಕ್ಕಾಚಾರ ಬದಲಾಗುತ್ತದೆ: ಸಿಟಿ ಸ್ಕ್ಯಾನ್‌ನಲ್ಲಿ ಶಿಲೀಂಧ್ರದ ಉಂಡೆ ಕಂಡರೆ ಎರಡೂ ಉಪಾಯಗಳು ಸಾಲವು, ಎಂಡೊಸ್ಕೋಪಿ ಶಸ್ತ್ರಚಿಕಿತ್ಸೆಯಿಂದ ಅದನ್ನು ತೆಗೆಯಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಮುಖನೋವು, ಕಣ್ಣಿನ ಊತ, ಮೂಗಿನಲ್ಲಿ ಕಪ್ಪು ಕಲೆ ಕಾಣಿಸಿದರೆ ಅದು ಮ್ಯೂಕರ್‌ಮೈಕೋಸಿಸ್ (ಬ್ಲ್ಯಾಕ್ ಫಂಗಸ್ ಎನ್ನುವ ಅಪಾಯಕಾರಿ ಶಿಲೀಂಧ್ರ ಸೋಂಕು) ಇರಬಹುದು. ಅಲ್ಲಿ ಶಿಲೀಂಧ್ರನಾಶಕ ಇಂಜೆಕ್ಷನ್ ಜೀವ ಉಳಿಸುವ ಔಷಧಿಯಾದ್ದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.